ಜಿಆರ್‌ಇ ಪದಪಟ್ಟಿ: ಒಂದು ಸ್ಪಷ್ಟನೆ

ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ವಿರುದ್ಧಪದಗಳನ್ನು ನೇರವಾಗಿ ಕೇಳುವುದರಿಂದ ಮೂರೂವರೆ ಸಾವಿರ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ, ತಪ್ಪು ಉತ್ತರಕ್ಕೆ ಅಂಕವೂ ಕಡಿತವಾಗುತ್ತದೆ ಎಂಬ ಸಂದೇಶವೊಂದು ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ವಿರುದ್ಧಪದ ಮತ್ತು ಪದಸಾದೃಶ್ಯದ (ಪದಜೋಡಿಗಳ ನಡುವಿನ ಸಂಬಂಧ ಗುರುತಿಸುವ) ಪ್ರಶ್ನೆಗಳನ್ನು ಈ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ 2011ರ ಆಗಸ್ಟ್‌ನಲ್ಲೇ ಕೈಬಿಟ್ಟಿದೆ. ಈಗ ವರ್ಬಲ್ ಎಂಬ ಇಂಗ್ಲಿಷ್ ಭಾಷಾ ವಿಭಾಗದಲ್ಲಿರುವುದು ಗದ್ಯಭಾಗದ ಗ್ರಹಿಕೆ, ಬಿಟ್ಟ ಸ್ಥಳ ತುಂಬುವುದು, ಹಾಗೂ ಆರು ಪದಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸುವುದು; ಮೂರು ಬಿಟ್ಟ ಸ್ಥಳಗಳಿದ್ದಲ್ಲಿ ಒಂದು ತಪ್ಪಿದರೂ ಅಂಕ ಸಿಗದಿರುವುದರಿಂದ, ಅರ್ಥ ಕಂಠಸ್ಥವಾಗಿದ್ದು ವಾಕ್ಯದ ಓಟ ಹಿಡಿಯದವರು ಎಡವುವುದು ಇಲ್ಲೇ. ಜೆರಾಕ್ಸ್ ಅಂಗಡಿಯ ಹಳೆಯ ಪಟ್ಟಿಗಳು (ಅವುಗಳ ಗಾತ್ರವೇ ಹೆದರಿಸುವಂಥದ್ದು) ಪೂರ್ತಿ ನಿರುಪಯುಕ್ತವಲ್ಲ, ಆದರೆ ಪ್ರತಿ ಪದವನ್ನೂ ಅದು ಬಳಕೆಯಾದ ವಾಕ್ಯದೊಂದಿಗೇ ಕಲಿಯುವುದು ಮೇಲು. ತಪ್ಪು ಉತ್ತರಕ್ಕೆ ಅಂಕ ಕಡಿತವಂತೂ ಇಲ್ಲ.