ಸುಡಾನ್, ಕಾಂಗೋ ಯುದ್ಧಗಳನ್ನು ಭೂಪಟ ಬಿಡಿಸಿಟ್ಟುಕೊಂಡೇ ಓದಬೇಕು

ಸುಡಾನಿನ ಯುದ್ಧವಾಗಲಿ ಕಾಂಗೋದ ಯುದ್ಧವಾಗಲಿ, ‘ಬುಡಕಟ್ಟುಗಳ ಹಳೆಯ ಹಗೆ’ ಎಂಬ ಒಂದೇ ವಿವರಣೆಯಲ್ಲಿ ಮುಗಿದುಹೋಗುವ ಸುದ್ದಿಗಳೇ ನಮಗೆ ಹೆಚ್ಚಾಗಿ ಸಿಗುತ್ತವೆ. ಈ ವಿವರಣೆಯನ್ನು ನಾನು ಒಪ್ಪಲಾರೆ. ಗಡಿನಾಡು ರಾಜಧಾನಿಯಿಂದ ಎಷ್ಟು ದೂರವಿದೆ, ಅಲ್ಲಿನ ನೆಲದಡಿ ಏನಿದೆ, ಅದು ಯಾರ ಕೈ ಸೇರುತ್ತಿದೆ ಎಂಬುದನ್ನು ನೋಡದೆ ಬರಿಯ ಹಗೆಯ ಮಾತಾಡುವುದು ಅಲ್ಲಿ ಸಾಯುತ್ತಿರುವವರಿಗೆ ಬಗೆಯುವ ಅನ್ಯಾಯ.

ಸುಡಾನಿನ ರಾಜಧಾನಿ ಖಾರ್ಟೂಮ್ ಇರುವುದು ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳ ಸಂಗಮದಲ್ಲಿ. ಬ್ರಿಟಿಷರ ಕಾಲದಿಂದಲೂ ಶಾಲೆ, ರೈಲು, ಗೆಜಿರಾದ ಹತ್ತಿ ಬೆಳೆಗೆ ನೀರಾವರಿ, ಹೀಗೆ ಬಂದದ್ದೆಲ್ಲ ಬಹುಮಟ್ಟಿಗೆ ಈ ನದಿಗಳ ಆಸುಪಾಸಿಗೇ ಬಂತು. ಹೆಚ್ಚುಕಡಿಮೆ ಸ್ಪೇನ್ ದೇಶದಷ್ಟು ವಿಶಾಲವಾದ ಪಶ್ಚಿಮದ ದಾರ್ಫುರ್ ಮಾತ್ರ ಹಿಂದೆಯೇ ಉಳಿಯಿತು. 1980ರ ದಶಕದ ಬರಗಾಲದಲ್ಲಿ ಉತ್ತರದ ಒಂಟೆ ಸಾಕುವವರು ಮೇವು ನೀರು ಅರಸಿ ಜೆಬೆಲ್ ಮರ್ರಾ ಬೆಟ್ಟದ ಸುತ್ತಲಿನ ರೈತರ ಹೊಲಗಳತ್ತ ಇಳಿದಾಗ ತಕರಾರು ಬೆಳೆಯಿತು, ನಿಜ. ಆದರೆ 2003ರಲ್ಲಿ ದಾರ್ಫುರ್ ದಂಗೆಯೆದ್ದಾಗ ಆ ತಕರಾರಿನ ಒಂದು ಪಕ್ಷಕ್ಕೆ ಬಂದೂಕು ಕೊಟ್ಟು ಜಂಜಾವೀದ್ ಪಡೆಗಳನ್ನು ಊರುಗಳ ಮೇಲೆ ಬಿಟ್ಟದ್ದು ಒಮರ್ ಅಲ್ ಬಶೀರ್ ಸರ್ಕಾರ. ಅದೇ ಪಡೆಗಳು 2013ರಲ್ಲಿ ‘ಕ್ಷಿಪ್ರ ಬೆಂಬಲ ಪಡೆ’ ಎಂಬ ಅಧಿಕೃತ ಹೆಸರು ಪಡೆದವು. ಅದರ ನಾಯಕ ಹೆಮೆದ್ತಿ ದಾರ್ಫುರಿನ ಜೆಬೆಲ್ ಆಮಿರ್‌ನ ಚಿನ್ನದ ಗಣಿಗಳಿಂದ ಸಿರಿವಂತನಾದ. ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಹೆಮೆದ್ತಿ ಸೇರಿಯೇ 2021ರ ಅಕ್ಟೋಬರ್‌ನಲ್ಲಿ ಬಶೀರ್ ಪತನದ ನಂತರ ಬಂದಿದ್ದ ನಾಗರಿಕ ಆಡಳಿತವನ್ನು ಕೆಡವಿದರು. 2023ರ ಏಪ್ರಿಲ್ 15ರಂದು ಪರಸ್ಪರ ಕಾದಾಟಕ್ಕೆ ನಿಂತರು. ಅಂದಿನಿಂದ ಮನೆಮಠ ತೊರೆದವರು ಒಂದು ಕೋಟಿಗೂ ಹೆಚ್ಚು. ಇದು ಬುಡಕಟ್ಟುಗಳು ತಾವಾಗಿ ಹೂಡಿದ ಯುದ್ಧವಲ್ಲ.

ಆ ಏಪ್ರಿಲ್‌ನಲ್ಲಿ ಗಿಡಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಹಲವರು ಸುಡಾನಿನಲ್ಲಿ ಸಿಲುಕಿದ್ದಾಗ ದಾರ್ಫುರಿನ ಎಲ್ ಫಾಶರ್ ಎಂಬ ಊರಿನ ಹೆಸರು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿತು. ‘ಆಪರೇಷನ್ ಕಾವೇರಿ’ ನಡೆದು ನಮ್ಮವರು ಮರಳಿದ ಮೇಲೆ ಆ ಊರನ್ನು ನಾವು ಮರೆತೆವು. ಒಂದೂವರೆ ವರ್ಷದಷ್ಟು ಕಾಲ ಮುತ್ತಿಗೆಗೆ ಒಳಗಾಗಿ, ಜನ ದನದ ಮೇವನ್ನು ತಿಂದು ಬದುಕುವಂತಾಗಿ, 2025ರ ಅಕ್ಟೋಬರ್ 26ರಂದು ಎಲ್ ಫಾಶರ್ ಹೆಮೆದ್ತಿಯ ಪಡೆಯ ವಶವಾಯಿತು. ಆಮೇಲೆ ನಡೆದ ನರಮೇಧದ ರಕ್ತದ ಕಲೆಗಳನ್ನು ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಗುರುತಿಸಿದರು. ಈ ಮರೆವು ನನ್ನನ್ನು ಬಹಳ ನೋಯಿಸುತ್ತದೆ.

ಕಾಂಗೋದಲ್ಲಿ ಭೂಗೋಳದ ಪಾತ್ರ ಇನ್ನೂ ನಿಚ್ಚಳ. ರಾಜಧಾನಿ ಕಿನ್ಶಾಸಾ ದೇಶದ ಪಶ್ಚಿಮದ ಅಂಚಿನಲ್ಲಿದೆ. ಕಿವು ಸರೋವರದ ದಡದ ಗೋಮಾ ಅಲ್ಲಿಂದ ಸುಮಾರು 1,500 ಕಿಲೋಮೀಟರ್ ದೂರದ ಪೂರ್ವದಲ್ಲಿ. ನಡುವೆ ಮಳೆಕಾಡು, ನೆಟ್ಟಗೆ ಸಾಗುವ ಒಂದು ಒಳ್ಳೆಯ ರಸ್ತೆಯೂ ಇಲ್ಲ. ಗೋಮಾದ ಬೀದಿಗಳು ಮುಗಿಯುವಲ್ಲೇ ರ್ವಾಂಡಾ ಆರಂಭವಾಗುತ್ತದೆ. 1994ರ ರ್ವಾಂಡಾ ನರಮೇಧದ ನಂತರ ಲಕ್ಷಾಂತರ ನಿರಾಶ್ರಿತರೂ ಅವರೊಳಗೆ ಬೆರೆತ ಹಂತಕರೂ ಬಂದು ಸೇರಿದ್ದು ಈ ಗಡಿಯಲ್ಲೇ. ಕಾಂಗೋದೊಳಗೆ ಕೈಹಾಕಲು ಆ ಹಂತಕರ ನೆಪವನ್ನು ರ್ವಾಂಡಾ ಇಂದಿಗೂ ಮುಂದೊಡ್ಡುತ್ತದೆ. ರ್ವಾಂಡಾದ ಬೆಂಬಲವಿರುವ ಎಂ23 ಬಂಡುಕೋರರು 2024ರಲ್ಲಿ ಕೋಲ್ಟಾನ್ ಅದಿರಿನ ರುಬಾಯಾ ಪಟ್ಟಣವನ್ನೂ 2025ರ ಜನವರಿಯಲ್ಲಿ ಗೋಮಾವನ್ನೂ ಫೆಬ್ರವರಿಯಲ್ಲಿ ಬುಕಾವು ನಗರವನ್ನೂ ಹಿಡಿದರು. ಕೋಲ್ಟಾನ್‌ನಿಂದ ತೆಗೆದ ಟ್ಯಾಂಟಲಮ್ ನಮ್ಮ ಮೊಬೈಲು, ಲ್ಯಾಪ್‌ಟಾಪುಗಳಲ್ಲಿದೆ. ಗೋಮಾದಲ್ಲಿ ವಿಶ್ವಸಂಸ್ಥೆಯ ಪರವಾಗಿ ಭಾರತದ ಸೈನಿಕರೂ ವರ್ಷಗಳಿಂದ ಕಾವಲಿದ್ದಾರೆ. ಹೀಗಿದ್ದೂ ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಹೇಗೆ ಹೇಳೋಣ?

2025ರ ಜೂನ್‌ನಲ್ಲಿ ಕಾಂಗೋ ಮತ್ತು ರ್ವಾಂಡಾ ವಾಷಿಂಗ್ಟನ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಎಂ23 ಅದರ ಭಾಗವಾಗಿರಲಿಲ್ಲ, ಕಾದಾಟ ನಿಲ್ಲಲಿಲ್ಲ. ರುಬಾಯಾದ ಅದಿರು ಯಾವ ಗಡಿ ದಾಟಿ ಯಾವ ಕಾರ್ಖಾನೆ ಸೇರುತ್ತದೆ, ದಾರ್ಫುರಿನ ಚಿನ್ನ ಯಾವ ಮಾರುಕಟ್ಟೆಯಲ್ಲಿ ಕರಗುತ್ತದೆ ಎಂದು ಕೊಳ್ಳುವವರನ್ನು ಪ್ರಶ್ನಿಸದ ಯಾವ ಒಪ್ಪಂದದ ಮೇಲೂ ನನಗೆ ಭರವಸೆಯಿಲ್ಲ.