ನಾಲ್ಕು ಮಾತ್ರೆ ಕತ್ತರಿಸಿ ಕೊಡಿ

ಮೆಡಿಕಲ್‌ನಲ್ಲಿ ನಿಂತು "ಪೂರ್ತಿ ಸ್ಟ್ರಿಪ್ ಬೇಡ, ನಾಲ್ಕು ಮಾತ್ರೆ ಸಾಕು" ಅಂತ ಯಾವತ್ತಾದರೂ ಕೇಳಿದ್ದೀರಾ? ನಾನು ಕೇಳಿದ್ದೇನೆ. ಮುಂಬೈಯ ಭಾಂಡುಪ್ ಸ್ಟೇಷನ್ ಹತ್ತಿರದ ಒಂದು ಅಂಗಡಿಯಲ್ಲಿ. ನನ್ನ ಹಿಂದೆ ಇಬ್ಬರು ನಿಂತಿದ್ದರು. ಹುಡುಗ ಕತ್ತರಿ ತೆಗೆದು ಸ್ಟ್ರಿಪ್ಪಿನ ಒಂದು ಮೂಲೆ ಕತ್ತರಿಸಿ ಕೊಟ್ಟ. ಎಕ್ಸ್‌ಪೈರಿ ತಾರೀಖು ಇರುವ ತುದಿ ಅವನ ಹತ್ತಿರವೇ ಉಳಿಯಿತು. ನನ್ನ ಕೈಗೆ ಬಂದ ತುಂಡಿನಲ್ಲಿ ಮಾತ್ರೆಯ ಹೆಸರೂ ಅರ್ಧವೇ ಇತ್ತು.

ನಾನು ಲೆಕ್ಕ ಬರೆಯುವವನು. ಮುಲುಂಡಿನಿಂದ ಘಾಟ್‌ಕೋಪರ್ ತನಕ ನಮ್ಮ ಊರ ಕಡೆಯವರ ಏಳು ಹೋಟೆಲುಗಳ ಜಿಎಸ್‌ಟಿ, ಸಂಬಳದ ಪಟ್ಟಿ, ಬ್ಯಾಂಕಿನ ಓಡಾಟ ಎಲ್ಲ ನನ್ನದು. ಏಳು ಕಡೆ ಕೆಲಸ, ಒಂದು ಕಡೆಯೂ ನೌಕರ ಅಲ್ಲ. ಹಾಗಾಗಿ ಕಂಪನಿ ಇನ್ಶೂರೆನ್ಸ್ ಅನ್ನುವುದು ಇಲ್ಲ. ಆ ಹೋಟೆಲುಗಳ ಹುಡುಗರಿಗೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ತುಂಬುವವನು ಮಾತ್ರ ನಾನೇ. ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವವರಿಗೆ ಇಎಸ್‌ಐನಲ್ಲಿ ಡಾಕ್ಟರೂ ಸಿಗುತ್ತಾರೆ, ಮಾತ್ರೆಯೂ ಸಿಗುತ್ತದೆ. ದೋಸೆ ಹುಯ್ಯುವ ಹುಡುಗನಿಗೆ ಇದೆ, ಅವನ ಕಾರ್ಡ್ ಮಾಡಿಸಿಕೊಟ್ಟವನಿಗೆ ಇಲ್ಲ! ಅವನಿಗೆ ಇರಲೇಬೇಕು ಬಿಡಿ, ಅದರಲ್ಲಿ ನನ್ನ ತಕರಾರಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಯ ವಾರ. ಲೆಕ್ಕದವರಿಗೆ ಅದು ಎಂಥ ವಾರ ಅಂತ ಹೇಳಬೇಕಾಗಿಲ್ಲ. ಲೋಕಲ್ ಟ್ರೇನಿನಲ್ಲಿ ನಿಂತಿದ್ದೆ, ಎದೆ ಹಿಡಿದುಕೊಂಡಿತು. ಬೆರಳು ಜೋಮು. ಹಾರ್ಟ್ ಅಂದುಕೊಂಡೆ. ಕುರ್ಲಾದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿ ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ ಅಂತ ಹೇಳಿದೆ. ಇಸಿಜಿ ತೆಗೆದರು, ಏನೂ ಇಲ್ಲ. ಮುಂದಿನ ಮೂರು ವಾರದಲ್ಲಿ ಇನ್ನೂ ನಾಲ್ಕು ಸಲ ಹಾಗೇ ಆಯಿತು. ಫ್ಯಾಮಿಲಿ ಡಾಕ್ಟರ್ ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದರು. ಆಂಗ್ಸೈಟಿ ಅಂದರು. ಕುಂದಾಪುರದಿಂದ ಅಮ್ಮ ಫೋನಿನಲ್ಲಿ ಕೇಳಿದಳು, "ಹೆದ್ರಿಕಿಗೂ ಮಾತ್ರಿ ಇತ್ತಾ ಮಗಾ?"

ಇತ್ತು. ಆದರೆ ಬಿಲ್ಲೂ ಇತ್ತು. ಡಾಕ್ಟರ್ ಫೀಸು ಪ್ರತಿ ಸಲ 1,500. ಚೀಟಿಯಲ್ಲಿ ದಿನಾ ತೆಗೆದುಕೊಳ್ಳುವ ಒಂದು ಮಾತ್ರೆ, ಮೊದಲ ಕೆಲವು ದಿನಕ್ಕೆ ಮಾತ್ರ ಇನ್ನೊಂದು. ಅದರ ಜೊತೆ ಒಂದು ಗ್ಯಾಸಿನ ಕ್ಯಾಪ್ಸೂಲ್, ಒಂದು ವಿಟಮಿನ್. ಎಲ್ಲ ಸೇರಿ ತಿಂಗಳಿಗೆ 2,600ರ ಹತ್ತಿರ. ಮೇಲಿಂದ ಅರ್ಧ ದಿನದ ಕೆಲಸ ಹೋಯಿತು. ಬಾಡಿಗೆ, ಇಬ್ಬರು ಮಕ್ಕಳ ಫೀಸು ಕಳೆದ ಮೇಲೆ ಉಳಿಯುವುದರಲ್ಲಿ ಇದು ಸಣ್ಣ ಮೊತ್ತ ಅಲ್ಲ.

ಲೆಕ್ಕದವನ ಬುದ್ಧಿ, ಕಡಿತ ಶುರು ಮಾಡಿದೆ. ಮೊದಲು ವಿಟಮಿನ್ ಹೋಯಿತು. ಆಮೇಲೆ ಡಾಕ್ಟರ್ ಹತ್ತಿರ ಹೋಗುವುದು ಬಿಟ್ಟು ಹಳೇ ಚೀಟಿಯಲ್ಲೇ ಮಾತ್ರೆ ತರಲು ಶುರು ಮಾಡಿದೆ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಅರ್ಧ. ಹಸಿಮೆಣಸು ಹೆಚ್ಚುವ ಚಾಕುವಿನಲ್ಲಿ ಮಾತ್ರೆ ಕತ್ತರಿಸುತ್ತಿದ್ದೆ. ಅದು ಯಾವತ್ತೂ ಸಮ ಆಗುತ್ತಿರಲಿಲ್ಲ. ದೊಡ್ಡ ತುಂಡು ಸೋಮವಾರಕ್ಕೆ, ಸಣ್ಣದು ಮಂಗಳವಾರಕ್ಕೆ, ಯಾಕೆಂದರೆ ಸೋಮವಾರ ರೈಲಿನಲ್ಲಿ ರಶ್ ಜಾಸ್ತಿ. ಹೀಗೂ ಲೆಕ್ಕ ಹಾಕುತ್ತಾರಾ ಅಂತ ಈಗ ನಗು ಬರುತ್ತದೆ. ಜೂನ್‌ನಲ್ಲಿ ಸ್ಕೂಲ್ ಫೀಸ್ ಬಂತು. ಮಾತ್ರೆ ಪೂರ್ತಿ ನಿಲ್ಲಿಸಿದೆ.

ಮೂರನೇ ದಿನದಿಂದ ತಲೆಯೊಳಗೆ ಕರೆಂಟ್. ಕಣ್ಣು ಪಕ್ಕಕ್ಕೆ ತಿರುಗಿಸಿದರೆ ಸಾಕು, ಝುಂ ಅಂತ ಒಂದು ಸಣ್ಣ ಶಾಕ್. ನಿದ್ದೆ ಇಲ್ಲ, ಸುಮ್ನೆ ಅಳು. ಒಂದು ಹೋಟೆಲಿನ ಗಲ್ಲಾದ ಪಕ್ಕ ಕೂತು ಒಂದೇ ಪುಟವನ್ನು ಮೂರು ಸಲ ಕೂಡಿದೆ, ಮೂರು ಸಲವೂ ಬೇರೆ ಬೇರೆ ಮೊತ್ತ. ಶೆಟ್ರು ನೋಡಿ, "ಎಂತ ಮಾರಾಯ್ರೆ, ನಿದ್ದೆ ಇಲ್ವಾ? ನಂದ್ರಲ್ಲಿ ಎರಡು ಮಾತ್ರೆ ತೆಗೊಂಡ್ ಹೋಗಿ" ಅಂತ ಡ್ರಾಯರ್‌ನಿಂದ ಅವರ ನಿದ್ದೆ ಮಾತ್ರೆ ತೆಗೆದರು. ಪ್ರೀತಿಯಿಂದಲೇ ಕೊಟ್ಟಿದ್ದು. ದಯವಿಟ್ಟು ಹಾಗೆ ತೆಗೆದುಕೊಳ್ಳಬೇಡಿ. ಅಲ್ಪ್ರಜೋಲಾಂ, ಕ್ಲೊನಜೆಪಾಂ ತರದ ಮಾತ್ರೆಗಳು ಅಭ್ಯಾಸ ಆಗಿಬಿಡುತ್ತವೆ. 2014ರಿಂದ ಅಲ್ಪ್ರಜೋಲಾಂ ಎಚ್1 ಶೆಡ್ಯೂಲ್ ಅನ್ನುವ ಬಿಗಿ ನಿಯಮದ ಪಟ್ಟಿಯಲ್ಲಿದೆ, ಮೆಡಿಕಲ್‌ನವನು ಯಾರಿಗೆ ಕೊಟ್ಟೆ ಅಂತ ಬೇರೆ ರಿಜಿಸ್ಟರ್ ಇಟ್ಟು ಬರೆಯಬೇಕು. ಅದು ಸುಮ್ನೆ ಮಾಡಿದ ನಿಯಮ ಅಲ್ಲ. ನಾನು ದಿನಾ ತೆಗೆದುಕೊಳ್ಳುವುದು ಎಸಿಟಾಲೊಪ್ರಾಂ, ಅದು ಆ ಜಾತಿಯದಲ್ಲ. ಆದರೆ ಅದನ್ನೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನ ಇಳಿಸಬೇಕು. ನನಗೆ ಹೊಡೆದ ಕರೆಂಟ್ ಅದರದ್ದೇ.

ಈಗ ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ. ಈ ಕತೆ ಯಾರಿಗೆ ಹೇಳಿದರೂ ಮೊದಲ ಮಾತು ಒಂದೇ: "ಒಂದು ಪಾಲಿಸಿ ಮಾಡಿಸಬೇಕಿತ್ತು." ನಾನೂ ಹಾಗೇ ಅಂದುಕೊಂಡಿದ್ದೆ. ಪಾಲಿಸಿ ಇಲ್ಲದ್ದಕ್ಕೇ ಈ ಗತಿ ಅಂತ ಒಳಗೊಳಗೇ ಕೊರಗಿದ್ದೆ. ಆಮೇಲೆ ಕೂತು ಓದಿದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಅಂತ ಒಂದಿದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ಮೈಗೆ ಬರುವ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಇನ್ಶೂರೆನ್ಸ್ ಕೊಡಬೇಕು ಅಂತ ಅದರ 21ನೇ ಸೆಕ್ಷನ್ನಿನಲ್ಲಿ ಬರೆದಿದೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮಂಥವರು ಮಾಡಿಸುವ ಸಾಧಾರಣ ಪಾಲಿಸಿ ದುಡ್ಡು ಕೊಡುವುದು ಆಸ್ಪತ್ರೆಯಲ್ಲಿ ಮಲಗಿದರೆ. ಆಂಗ್ಸೈಟಿ ಇರುವವರಲ್ಲಿ ಎಷ್ಟು ಜನ ಅಡ್ಮಿಟ್ ಆಗುತ್ತಾರೆ ಹೇಳಿ? ನಾವು ರೈಲು ಹತ್ತಿ ಕೆಲಸಕ್ಕೆ ಹೋಗುತ್ತೇವೆ, ತಿಂಗಳಿಗೊಮ್ಮೆ ಡಾಕ್ಟರನ್ನು ನೋಡುತ್ತೇವೆ, ಮಾತ್ರೆ ತರುತ್ತೇವೆ. ಈ ಮೂರರಲ್ಲಿ ಒಂದಕ್ಕೂ ಆ ಪಾಲಿಸಿ ಬಿಡಿಗಾಸು ಕೊಡುವುದಿಲ್ಲ. ಓಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿ ಬರುವ ಖರ್ಚು, ಸೇರಿಸಿದ ಪಾಲಿಸಿಗಳಿವೆ, ಅದಕ್ಕೆ ಪ್ರೀಮಿಯಂ ಜಾಸ್ತಿ. ಸರ್ಕಾರದ ಆಯುಷ್ಮಾನ್ ಕಾರ್ಡಿನ 5 ಲಕ್ಷವೂ ಅಡ್ಮಿಟ್ ಆದವರಿಗೇ. ಅಂದರೆ ನನ್ನ ಕೈಯಲ್ಲಿ ಪಾಲಿಸಿ ಇದ್ದಿದ್ದರೂ ಅವತ್ತು ಭಾಂಡುಪ್‌ನಲ್ಲಿ ನಾನು ನಾಲ್ಕೇ ಮಾತ್ರೆ ಕೇಳುತ್ತಿದ್ದೆ.

ಒಬ್ಬ ಪರಿಚಯದ ಏಜೆಂಟರನ್ನೂ ಕೇಳಿದೆ. "ಮಾತ್ರೆ ವಿಷಯ ಫಾರ್ಮಿನಲ್ಲಿ ಬರೀಬೇಡಿ" ಅಂದರು. ಮುಚ್ಚಿಟ್ಟಿದ್ದು ಸಿಕ್ಕಿಬಿದ್ದರೆ ಕ್ಲೈಮ್ ತಳ್ಳಿಹಾಕುತ್ತಾರೆ, ಅದೂ ಅವರೇ ಹೇಳಿದ್ದು! ಬರೆದರೆ, ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು. ಮೊದಲು ನಾಲ್ಕು ವರ್ಷ ಇತ್ತು, 2024ರಲ್ಲಿ ಇಳಿಸಿದರು. ಪಾಲಿಸಿ ಬೇಡ ಅಂತ ನಾನು ಹೇಳುತ್ತಿಲ್ಲ. ಅಪೆಂಡಿಕ್ಸ್ ಆಪರೇಶನ್ನಿಗೆ ಬೇಕು. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯೂ ಹೋಗಿದೆ, ನಾನೂ ಬರೆಯಬೇಕಾದ್ದೆಲ್ಲ ಬರೆದೇ ಒಂದು ಮಾಡಿಸಿದ್ದೇನೆ. ದಿನದ ಒಂದು ಮಾತ್ರೆಗೆ ಅದನ್ನು ನಂಬಿ ಕೂರಬೇಡಿ, ಅಷ್ಟೇ.

ನನ್ನ ಬಿಲ್ಲು ಇಳಿದಿದ್ದು ಬೇರೆ ಕಡೆಯಿಂದ. ಹೆಂಡತಿ ಜಗಳ ಮಾಡಿ ಮುನಿಸಿಪಾಲಿಟಿಯ ಒಂದು ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕೆಇಎಂ, ಸಯನ್, ನಾಯರ್, ಕೂಪರ್ ಎಲ್ಲ ಕಡೆಯೂ ಸೈಕಿಯಾಟ್ರಿ ಓಪಿಡಿ ಇದೆ. ನನಗೆ ಅಲ್ಲಿಗೆ ಹೋಗಲು ನಾಚಿಕೆ. ಗುರುತಿನವರು ಕಂಡರೆ? ಕಂಡರು. ನಮ್ಮದೇ ಒಂದು ಹೋಟೆಲಿನ ಸಪ್ಲೈಯರ್ ಅದೇ ಕ್ಯೂನಲ್ಲಿದ್ದ. ಇಬ್ಬರೂ ಒಂದು ನಿಮಿಷ ಬೇರೆ ಕಡೆ ನೋಡಿದೆವು. ಆಮೇಲೆ ಅವನೇ "ಸರ್, ಕೇಸ್ ಪೇಪರ್ ಆ ಕಿಟಕಿ" ಅಂದ. ಅವನು ಮೂರು ವರ್ಷದಿಂದ ಬರುತ್ತಿದ್ದಾನಂತೆ.

ಹತ್ತು ರೂಪಾಯಿ ಕೇಸ್ ಪೇಪರ್ (ಹೆಸರು ಬರೆಸುವ ಚೀಟಿ), ಮೂರು ಗಂಟೆ ಬೆಂಚು. ಒಳಗಿದ್ದ ಡಾಕ್ಟರ್ ಹುಡುಗಿ ನನ್ನ ಮಗಳಿಗಿಂತ ಒಂದೆಂಟು ವರ್ಷ ದೊಡ್ಡವಳಿರಬೇಕು. ಪೂರ್ತಿ ಕೇಳಿಸಿಕೊಂಡಳು. "ಕಾಕಾ, ಗೋಳ್ಯಾ ಬಂದ್ ಕರೂ ನಕಾ" ಅಂದಳು, ಮಾತ್ರೆ ನಿಲ್ಲಿಸಬೇಡಿ ಅಂತ. ದುಡ್ಡಿನ ವಿಷಯ ಹೇಳಲು ನಾಲಿಗೆ ಏಳಲಿಲ್ಲ, ಹೆಂಡತಿ ಹೇಳಿದಳು. ಆ ಹುಡುಗಿ ಕಂಪನಿ ಹೆಸರು ಬಿಟ್ಟು ಬರೀ ಸಾಲ್ಟಿನ, ಅಂದರೆ ಮಾತ್ರೆಯೊಳಗಿನ ಮದ್ದಿನ, ಹೆಸರು ಬರೆದುಕೊಟ್ಟಳು. ಗ್ಯಾಸಿನ ಕ್ಯಾಪ್ಸೂಲ್ ಯಾಕೆ ಅಂತ ಕೇಳಿ, ಅದನ್ನು ಹೊಡೆದುಹಾಕಿದಳು.

ಸಾಲ್ಟಿನ ಹೆಸರಿನ ಆ ಒಂದು ಸಾಲಿನಿಂದಲೇ ಎಲ್ಲ ಬದಲಾಗಿದ್ದು. ಚೀಟಿಯಲ್ಲಿ ಕಂಪನಿ ಹೆಸರಿದ್ದರೆ ಮೆಡಿಕಲ್‌ನವನು ತಾನಾಗಿ ಬೇರೆ ಕಂಪನಿಯದ್ದು ಕೊಡುವ ಹಾಗಿಲ್ಲ, ನಿಯಮವೇ ಹಾಗಿದೆ. ಸಾಲ್ಟಿನ ಹೆಸರಿದ್ದರೆ ಅಗ್ಗದ್ದು ಕೇಳಬಹುದು. ಸರ್ಕಾರದ ಯೋಜನೆಯ ಅಗ್ಗದ ಮಾತ್ರೆ ಸಿಗುವ ಜನೌಷಧಿ ಅಂಗಡಿಗೆ ಹೋಗಬಹುದು. 2008ರಿಂದ ಇದ್ದ ಯೋಜನೆ, ಏಳು ಹೋಟೆಲ್ ಸುತ್ತುವ ದಾರಿಯಲ್ಲೇ ಅದರ ಬೋರ್ಡಿದೆ, ನಾನು ಕಣ್ಣೆತ್ತಿ ನೋಡಿರಲಿಲ್ಲ. ಮಾತ್ರೆಯ ಖರ್ಚು ಮೊದಲಿನ ಕಾಲು ಭಾಗವೂ ಆಗಲಿಲ್ಲ. ಕೆಲವು ತಿಂಗಳು ಅಲ್ಲಿ ಸ್ಟಾಕ್ ಇರುವುದಿಲ್ಲ, ಅದಕ್ಕೇ ಒಂದು ವಾರ ಮೊದಲೇ ಕೇಳಿಡುತ್ತೇನೆ. ಆಸ್ಪತ್ರೆಯಲ್ಲೇ ಪುಕ್ಕಟೆ ಸಿಕ್ಕಿದ್ದೂ ಇದೆ. ಅಗತ್ಯ ಔಷಧಿ ಪಟ್ಟಿಯಲ್ಲಿ ಇರುವುದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಸಿಗದ ದಿನ "ಹೊರಗಡೆ ತಗೊಳ್ಳಿ" ಅಂತಾರೆ, ಏನು ಮಾಡುವುದು.

"ಅಗ್ಗದ ಮಾತ್ರೆ ಹಿಡಿಯುತ್ತಾ?" ಅಂತ ಅಣ್ಣನೇ ಕೇಳಿದ. ನನಗೆ ಹಿಡಿದಿದೆ. ಕಂಪನಿ ಬದಲಿಸುವಾಗ ಡಾಕ್ಟರಿಗೆ ಹೇಳಿ ಬದಲಿಸಿದೆ. ಈ ಅನುಮಾನ ನಮ್ಮಂಥವರಿಗೆ ಮಾತ್ರ ಅಲ್ಲ. 2023ರ ಆಗಸ್ಟ್ 2ರಂದು ಡಾಕ್ಟರುಗಳು ಜೆನೆರಿಕ್ ಹೆಸರೇ, ಅಂದರೆ ಸಾಲ್ಟಿನ ಹೆಸರೇ, ಬರೆಯಬೇಕು ಅಂತ ರಾಷ್ಟ್ರೀಯ ಮೆಡಿಕಲ್ ಕಮಿಷನ್ ನಿಯಮ ತಂದಿತು. ಗುಣಮಟ್ಟಕ್ಕೆ ಯಾರು ಗ್ಯಾರಂಟಿ ಅಂತ ಡಾಕ್ಟರುಗಳು ಎದ್ದರು. ಅದೇ ತಿಂಗಳ 23ಕ್ಕೆ ನಿಯಮವನ್ನು ತಡೆಹಿಡಿದರು. ಅವರ ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಸಿಗುವ ತನಕ ಕಂಪನಿ ಹೆಸರಿನ ಕೆಳಗೆ ಸಾಲ್ಟಿನ ಹೆಸರನ್ನೂ ಬರೆಯಲು ಏನು ಕಷ್ಟ? ಒಂದು ಸಾಲು ಇಂಕು. ನಾವೂ ಕೇಳಬೇಕು. ಇಡ್ಲಿಗೆ ಚಟ್ನಿ ಇನ್ನೊಂದು ಸಲ ಕೇಳಲು ನಾಚುವುದಿಲ್ಲ, ಡಾಕ್ಟರ್ ಮುಂದೆ ಮಾತ್ರ ಬಾಯಿ ಕಟ್ಟುತ್ತದೆ.

ರಾತ್ರಿ ಹೊತ್ತು ಎದೆ ಹಿಡಿದುಕೊಂಡು ಯಾರಿಗೆ ಹೇಳುವುದು ಅಂತ ಗೊತ್ತಾಗದಿದ್ದರೆ 14416. ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ. ಕನ್ನಡದಲ್ಲೂ ಮಾತಾಡಬಹುದು. ಮನೆಯವರನ್ನು ಎಬ್ಬಿಸಲು ಮನಸ್ಸಾಗದ ಒಂದು ರಾತ್ರಿ ನಾನೂ ಮಾಡಿದ್ದೆ.

ಬರುವ ಸೋಮವಾರ ನನ್ನ ಓಪಿಡಿ. ಈಗ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಅಂದಿದ್ದಾರೆ. ಬೆಳಿಗ್ಗೆ ಏಳೂಕಾಲಿಗೆ ಮುಲುಂಡ್ ಸ್ಟೇಷನ್ನಿನಲ್ಲಿ ಇರುತ್ತೇನೆ. ಒಬ್ಬರೇ ಹೋಗಲು ಅಂಜಿಕೆ ಇರುವವರು ಇನ್‌ಬಾಕ್ಸ್‌ನಲ್ಲಿ ಹೇಳಿ, ಒಟ್ಟಿಗೆ ಹೋಗೋಣ. ಹಳೇ ಚೀಟಿ, ಆಧಾರ್ ಮರೀಬೇಡಿ. ತಿಂಡಿ ನಾನು ಕಟ್ಟಿಸಿಕೊಂಡು ಬರುತ್ತೇನೆ, ಕ್ಯೂ ಉದ್ದ ಇರುತ್ತದೆ.