ರ‍್ಯಾಮ್ ಹಾಕಿಸು ಅನ್ನೋ ಮುಂಚೆ ಎಡಿಟರ್ ಬದಲಿಸಿ ನೋಡಿ

ಲ್ಯಾಬಿನಿಂದ ಈಗಷ್ಟೇ ಬಂದೆ. ಖುಷಿಯೂ ಇದೆ, ಸಿಟ್ಟೂ ಇದೆ.

ಎರಡನೇ ವರ್ಷದ ಹುಡುಗಿ. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ. ಕೋಡ್ ಬರೆಯೋಕೆ ಎಲ್ಲರೂ ಬಳಸುವ ಆ ದೊಡ್ಡ ಎಡಿಟರ್ ವಿಎಸ್ ಕೋಡ್ ಜೊತೆ ಬ್ರೌಸರನ್ನೂ ತೆರೆದರೆ ಕರ್ಸರ್ ಅಲ್ಲಾಡುತ್ತಿರಲಿಲ್ಲ. "ಸರ್, ರ‍್ಯಾಮ್ ಹಾಕಿಸು ಅಂತಾರೆ ಎಲ್ಲರೂ. ಮನೇಲಿ ಹೇಗೆ ಕೇಳೋದು?" ಅಂದಳು.

ಹೋದ ತಿಂಗಳಿಂದ ನಾನೇ ಬಳಸುತ್ತಿರುವ ಜೀನಿ (Geany) ಅನ್ನೋ ಹಗುರವಾದ ಎಡಿಟರ್ ಹಾಕಿಕೊಟ್ಟೆ. ಕ್ಲಿಕ್ ಮಾಡಿ ಕೈ ತೆಗೆಯುವಷ್ಟರಲ್ಲಿ ತೆರೆದುಕೊಂಡಿತು. ಬರೆದ ಕೋಡಿನಿಂದ ಪ್ರೋಗ್ರಾಂ ಕಟ್ಟೋಕೆ ಎಫ್9 ಒತ್ತಿದಳು. ಸೆಮಿಕೋಲನ್ ಬಿಟ್ಟುಹೋಗಿತ್ತು, ಕೆಳಗೆ ಎರರ್ ಬಂತು. ಅದರ ಮೇಲೆ ಕ್ಲಿಕ್ ಮಾಡಿದರೆ ಸೀದಾ ಆ ಸಾಲಿಗೇ ಹೋಯಿತು. ಸರಿ ಮಾಡಿ ಎಫ್5 ಒತ್ತಿದಳು, ಪ್ರೋಗ್ರಾಂ ಓಡಿತು. ಇಷ್ಟೇ ಅಲ್ವಾ ಬೇಕಾಗಿದ್ದು?

ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ, 2005ರಿಂದ ಇದೆ. ಆದರೂ ರ‍್ಯಾಮ್ ಹಾಕಿಸು ಅಂದ ಒಬ್ಬರೂ ಇದರ ಹೆಸರು ಹೇಳಿರಲಿಲ್ಲ.

ಆ ದೊಡ್ಡ ಎಡಿಟರ್ ಯಾಕೆ ಅಷ್ಟು ಭಾರ? ಅದು ಎಲೆಕ್ಟ್ರಾನ್ ಅನ್ನೋ ಸಾಫ್ಟ್‌ವೇರ್ ಚೌಕಟ್ಟಿನ ಮೇಲೆ ನಿಂತಿದೆ. ಅಂದರೆ ಒಳಗೊಂದು ಇಡೀ ಕ್ರೋಮಿಯಂ ಬ್ರೌಸರ್ ಓಡುತ್ತಿರುತ್ತದೆ. ಸಿ ಭಾಷೆಯಲ್ಲಿ ನಾಲ್ಕು ಸಾಲು ಬರೆಯೋಕೆ! ಬೆಟ್ಟ ಅಗೆದು ಇಲಿ ಹಿಡಿಯೋದು ಅಂದರೆ ಇದೇ. ಎಲೆಕ್ಟ್ರಾನ್ ಹುಟ್ಟಿದ್ದೇ 2013ರಲ್ಲಿ, ಆಟಮ್ ಎಡಿಟರಿಗಾಗಿ. 2022ರ ಡಿಸೆಂಬರಿನಲ್ಲಿ ಆಟಮ್ ನಿಂತುಹೋಯಿತು. ಅದನ್ನು ಕಟ್ಟಿದವರೇ ಈಗ ಎಲೆಕ್ಟ್ರಾನ್ ಬಿಟ್ಟು, ರಸ್ಟ್ ಭಾಷೆಯಲ್ಲಿ ಜೆಡ್ ಅನ್ನೋ ಎಡಿಟರ್ ಬರೆದಿದ್ದಾರೆ. 2024ರ ಜುಲೈನಲ್ಲಿ ಲಿನಕ್ಸ್‌ಗೂ ಬಂತು. ಚೆನ್ನಾಗಿದೆ, ಆದರೆ ಅದಕ್ಕೆ ವಲ್ಕನ್ ಅನ್ನೋ ಹೊಸ ಗ್ರಾಫಿಕ್ಸ್ ವ್ಯವಸ್ಥೆಗೆ ಹೊಂದುವ ಗ್ರಾಫಿಕ್ಸ್ ಚಿಪ್ ಬೇಕು. ಇಂಥ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕಷ್ಟ.

"ಎಕ್ಸ್‌ಟೆನ್ಷನ್, ತಪ್ಪು ಹುಡುಕುವ ಡಿಬಗರ್ ಎಲ್ಲ ಬೇಡ್ವಾ?" ಅಂತ ಕೇಳುತ್ತೀರಿ, ಗೊತ್ತು. ದೊಡ್ಡ ಪ್ರಾಜೆಕ್ಟಿನಲ್ಲಿ ಕೆಲಸ ಮಾಡೋರಿಗೆ ಬೇಕು, ಇಟ್ಟುಕೊಳ್ಳಲಿ. ಲಿಂಕ್ಡ್ ಲಿಸ್ಟ್ ಥರದ ಮೊದಮೊದಲ ಪಾಠ ಕಲಿಯುವ ಮಕ್ಕಳಿಗೆ ಯಾಕೆ? ಸುಮ್ನೆ ಮನೆಯವರ ಮುಂದೆ ಕೈ ಚಾಚಿಸುವುದು ಯಾಕೆ? ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಲ್ಯಾಪ್‌ಟಾಪ್ ಸಾಲದು ಅನ್ನೋದನ್ನ ಎಷ್ಟೋ ಮಕ್ಕಳು ತಾವೇ ಸಾಲದು ಅಂತ ಅಂದುಕೊಂಡುಬಿಡುತ್ತಾರೆ.

ಪಾಠ ಮಾಡುವ ಗೆಳೆಯರೇ, ಲ್ಯಾಬ್ ಮ್ಯಾನುಯಲ್‌ನಲ್ಲಿ ಅದೊಂದೇ ಎಡಿಟರಿನ ಹೆಸರು ಬರೆಯೋದು ನಿಲ್ಲಿಸಿ. ಪಕ್ಕದಲ್ಲಿ ಜೀನಿ ಅಂತಲೂ ಬರೆಯಿರಿ. ಲಿನಕ್ಸ್‌ನಲ್ಲಿ ಕೆಡಿಇ ಅನ್ನೋ ಡೆಸ್ಕ್‌ಟಾಪ್ ಇದ್ದರೆ ಅದರದೇ ಎಡಿಟರ್ ಕೇಟ್ ಅನ್ನಿ. ಹಾಕಿಕೊಳ್ಳೋಕೆ ಬರದವರು ಇನ್‌ಬಾಕ್ಸ್‌ಗೆ ಬನ್ನಿ, ಜೊತೆಗೆ ಕೂತು ಹಾಕಿಕೊಡುತ್ತೇನೆ.